ಕೆಳಗಿನ ಗಲ್ಲಿಯ ಹಣೆರೂಪಾಯಿ

ಅಥಣಿ ಕಡೆಯ ಅನಂತಪುರದ ಕೆಳಗಿನ ಗಲ್ಲಿಯಲ್ಲಿ ಯಾರಾದರೂ ಹಾಸಿಗೆ ಹಿಡಿದರೆ ಲಗಮಣ್ಣ ಮಗದುಮ್ ನೋಡಲು ಬರುವುದು ಯಾರಿಗೂ ಬೇಡ. ಮಾಳಸಿದ್ದನಿಗೆ ಕಾಮಾಲೆ ಆದಾಗ ಅವನು ಎಳನೀರು ಹಿಡಿದುಕೊಂಡು ಹೋದ. ಮಾಳಸಿದ್ದನ ಹೆಂಡತಿ ಹೊಸ್ತಿಲಲ್ಲೇ ನಿಂತು, “ಇನ್ನೂ ಉಸುರು ಐತಿ, ನೀ ಮನಿಗಿ ನಡಿ” ಎಂದು ಬಾಗಿಲು ಹಾಕಿಕೊಂಡಳು. ಲಗಮಣ್ಣ ಎಳನೀರನ್ನು ಅವರ ಕಟ್ಟೆಯ ಮೇಲೆಯೇ ಕೂತು ತಾನೇ ಕುಡಿದು ಬಂದ. “ಅಕಿ ಬೈದಳಂತ ನೀರು ಯಾಕ ಹಾಳು ಮಾಡೂದ್ರಿ?” ಎಂದು ನನಗೆ ಹೇಳಿದ.

ನಾನು ಅಥಣಿಯಲ್ಲಿ ಮಣ್ಣು, ನೀರು ಪರೀಕ್ಷಿಸುವ ಸಣ್ಣ ಲ್ಯಾಬ್ ಇಟ್ಟುಕೊಂಡಿದ್ದೇನೆ. ಲಗಮಣ್ಣನ ದ್ರಾಕ್ಷಿ ತೋಟದ ಮಣ್ಣು ಪ್ರತಿ ವರ್ಷ ನನ್ನಲ್ಲಿಗೆ ಬರುತ್ತದೆ. ಮಣ್ಣಿನ ಚೀಲದ ಜೊತೆ ಅವನೂ ಬಂದು, ವರದಿ ಆಗುವ ತನಕ ಬೆಂಚಿನ ಮೇಲೆ ಕೂತು ಊರನ್ನು ಬೈಯುತ್ತಾನೆ. ಊರಿನ ಮಂದಿ ಬಂದಾಗ ಅವನನ್ನು ಬೈಯುತ್ತಾರೆ. ಎರಡನ್ನೂ ಕೇಳಿದವನಾದ್ದರಿಂದ ಬರೆಯುತ್ತಿದ್ದೇನೆ.

ಅವನ ಮೇಲಿನ ಸಿಟ್ಟು ರೂಪಾಯಿಯಿಂದ ಶುರುವಾದದ್ದಲ್ಲ. ನಿವೃತ್ತಿಯಾಗುವ ತನಕ ಅವನು ಒಂದು ಸಕ್ಕರೆ ಕಾರ್ಖಾನೆಯ ಕಾಟಾದ ಮೇಲೆ ಕೆಲಸಕ್ಕಿದ್ದ. ಕಬ್ಬಿನ ಗಾಡಿಗಳನ್ನು ತೂಗುವ ಕಾಟಾ. ತೂಕ ಹೊಡೆಯುತ್ತಾರೆ ಎಂಬ ಗುಮಾನಿ ಇಲ್ಲದ ರೈತ ನಮ್ಮ ಕಡೆ ಇಲ್ಲ. ಯಾರಾದರೂ, “ಲಗಮಣ್ಣ, ಕಾಟಾ ಬರೋಬ್ಬರಿ ಐತೇನೋ?” ಎಂದರೆ ಅವನು, “ಕಾಟಾ ಬರೋಬ್ಬರಿ ಐತಿ. ನಿನ್ನ ಕಬ್ಬು ಒಣಗೇತಿ” ಎನ್ನುತ್ತಿದ್ದ. ಮಾತು ನಿಜ, ಸರದಿಯಲ್ಲಿ ನಿಂತ ಕಬ್ಬು ನೀರು ಕಳೆದುಕೊಂಡು ತೂಕ ಇಳಿಯುತ್ತದೆ. ಆದರೆ ಟ್ರ್ಯಾಕ್ಟರ್ ಕೆಳಗೆ ಮಲಗಿ ಸರದಿ ಕಾಯ್ದು ಬಂದ ಮನುಷ್ಯನ ಮುಂದೆ ಹೇಳುವ ಮಾತಲ್ಲ ಅದು. ಲಗಮಣ್ಣ ಎಲ್ಲರ ಮುಂದೆಯೂ ಹೇಳಿದ, ತನ್ನ ಗಲ್ಲಿಯವರ ಮುಂದೆಯೂ.

ಇನ್ನು ರೂಪಾಯಿಯ ವಿಷಯ. ಕೆಳಗಿನ ಗಲ್ಲಿಗೆಲ್ಲ ಸೇರಿ ಒಂದು ಬೆಳ್ಳಿ ರೂಪಾಯಿ ಇತ್ತು, ವಿಕ್ಟೋರಿಯಾ ರಾಣಿಯ ಕಾಲದ್ದು. ಯಾರಾದರೂ ತೀರಿಕೊಂಡರೆ, ಹೆಣಕ್ಕೆ ನೀರು ಹಾಕಿದ ಮೇಲೆ ಒದ್ದೆ ವಿಭೂತಿಯಲ್ಲಿ ಅದನ್ನು ಹಣೆಗೆ ಅಂಟಿಸುತ್ತಿದ್ದರು. ಹೆಣದ ಹಣೆಗೆ ರೂಪಾಯಿ ಹಚ್ಚುವುದು ಬೇರೆ ಕಡೆಯೂ ಉಂಟು, ಆದರೆ ಅಲ್ಲಿ ಅವರವರ ಮನೆಯ ರೂಪಾಯಿ ಹಚ್ಚುತ್ತಾರೆ. ಇಲ್ಲಿ ಇದ್ದವರಿಗೂ ಇಲ್ಲದವರಿಗೂ ಅದೊಂದೇ. ಕುಣಿಗೆ ಇಳಿಸುವ ಮುಂಚೆ ಹಿರಿಯ ಮಗ ಅದನ್ನು ಬಿಡಿಸಿ, ತೊಳೆದು, ಅಕ್ಕವ್ವನಿಗೆ ಒಪ್ಪಿಸಬೇಕು. ಅಕ್ಕವ್ವ ಗಲ್ಲಿಯ ಎಲ್ಲರಿಗಿಂತ ಹಿರಿಯಳು, ಅದೇ ಗಲ್ಲಿಯ ಶಿವರಾಜ ಎಂಬವನ ತಾಯಿ. ಹೆಣದ ರೂಪಾಯಿ ಮನೆಯೊಳಗೆ ಬರಬಾರದೆಂದು ದನದ ಕೊಟ್ಟಿಗೆಯ ಗೋಡೆಗೂಡಿನಲ್ಲಿ ಅರಿವೆ ಸುತ್ತಿ ಇಡುತ್ತಿದ್ದಳು.

ಲಗಮಣ್ಣನಿಗೆ ಹಳೆಯ ರೂಪಾಯಿಯ ಹುಚ್ಚು ಹತ್ತಿದ್ದು ನಿಪ್ಪಾಣಿಯಲ್ಲಿ. ಹೆಂಡತಿಯ ಕಾಲಿನ ಸವೆದ ಬೆಳ್ಳಿ ಗೆಜ್ಜೆ, ಅಂದರೆ ಪೈಂಜಣ, ಕೊಟ್ಟು ಹೊಸದು ತರಲು ಅಭಿನಂದನ ಎಂಬ ಬೆಳ್ಳಿ ವ್ಯಾಪಾರಿಯ ಅಂಗಡಿಗೆ ಹೋಗಿದ್ದ. ಅಭಿನಂದನ ಹಳೆಯ ಬೆಳ್ಳಿ ಕೊಂಡು ಹುಪರಿಗೆ ಕರಗಿಸಲು ಕಳಿಸುವವನು. ತಕ್ಕಡಿಯ ತಟ್ಟೆಯಲ್ಲಿ ಮುರಿದ ಗೆಜ್ಜೆಗಳ ನಡುವೆ ಒಂದು ರೂಪಾಯಿ ಇತ್ತು. ರಾಣಿಯ ಕುತ್ತಿಗೆಯ ಮೇಲೆ ಗುಂಡನೆಯ ಸಣ್ಣ ಮುದ್ರೆ, ಅದರೊಳಗೆ ಅರಬ್ಬಿ ಅಕ್ಷರ.

“ಇದೇನ್ರಿ?”

“ಛಾಪಾ ಬಿದ್ದದ್ದು. ಖೋಟಾ ಅಲ್ಲ, ಆದ್ರೂ ಯಾರೂ ಕೇಳೂದಿಲ್ಲ. ಕರಗಸೂದ.”

ಲಗಮಣ್ಣ ಪೈಂಜಣ ಬಿಟ್ಟು ಆ ರೂಪಾಯಿ ತಂದ. ಅವನ ಹೆಂಡತಿ ಆ ವರ್ಷದ ದೀಪಾವಳಿಯನ್ನು ಬರಿಗಾಲಲ್ಲೇ ಮಾಡಿದಳು, ಬಂದವರಿಗೆಲ್ಲ ಕಾಲು ತೋರಿಸಿಕೊಂಡು.

ಛಾಪಾ ಎಂದರೆ ಇಷ್ಟೇ. ನಮ್ಮ ರೂಪಾಯಿಗಳು ಹಡಗು ಹತ್ತಿ ಅರಬಸ್ತಾನಕ್ಕೆ, ಆಫ್ರಿಕಾದ ಕರಾವಳಿಗೆ ಹೋಗುತ್ತಿದ್ದವು. ಬೆಳ್ಳಿ ಒಳ್ಳೆಯದು, ತೂಕ ಸರಿ; ಆದರೆ ಮೇಲಿರುವ ರಾಣಿ ಅಲ್ಲಿಯವಳಲ್ಲ. ಅಲ್ಲಿ ಆಳುವವರು ಅದರ ಮೇಲೆ ತಮ್ಮದೊಂದು ಸಣ್ಣ ಮುದ್ರೆ ಒತ್ತಿ, ಇದು ಇಲ್ಲಿಯೂ ನಡೆಯುತ್ತದೆ ಎಂದು ಬಿಡುತ್ತಿದ್ದರು. ಅವುಗಳಲ್ಲಿ ಕೆಲವು ಹೇಗೋ ತಿರುಗಿ ಊರಿಗೆ ಬಂದಿವೆ. ಲಗಮಣ್ಣನಿಗೆ ಮೊದಲು ಸಿಕ್ಕದ್ದು ಮುಕಲ್ಲಾ ಎಂಬ ಬಂದರಿನ ಛಾಪಾ. ಚಿಕ್ಕೋಡಿ, ರಾಯಬಾಗ, ಕಾಗವಾಡದ ಸರಾಫರ ಅಂಗಡಿಗಳನ್ನು ವರ್ಷಗಟ್ಟಲೆ ತಿರುಗಿ ಅರಬ್ಬಿ ಛಾಪಾದವು ಇನ್ನೂ ಎರಡು ಕೂಡಿಸಿದ. ಅದಲುಬದಲು ಮಾಡಲೆಂದು ಛಾಪಾ ಇಲ್ಲದ ರೂಪಾಯಿಗಳನ್ನೂ ಒಂದು ಡಬ್ಬಿ ತುಂಬ ಇಟ್ಟುಕೊಂಡ. ಅವನು ಹುಡುಕುತ್ತಿದ್ದದ್ದು ಮಾತ್ರ ಸಿಗಲಿಲ್ಲ. ಪೋರ್ಚುಗೀಸರು ಮೊಝಾಂಬಿಕ್‌ನಲ್ಲಿ ಒತ್ತಿದ ಛಾಪಾ ಅದು: ಒಂದು ಪುಟ್ಟ ಕಿರೀಟ, ಕೆಳಗೆ ಎರಡು ರೋಮನ್ ಅಕ್ಷರ. ಅದರ ಚಿತ್ರ ಅವನ ಮೊಬೈಲಿನಲ್ಲಿತ್ತು. ನನಗೆ ಎಷ್ಟು ಸಲ ತೋರಿಸಿದ್ದನೆಂದರೆ ನಾನೂ ಗುರುತು ಹಿಡಿಯಬಲ್ಲೆ.

ಅದು ಅವನಿಗೆ ಸಿಕ್ಕಿದ್ದು ಅವನ ಅಪ್ಪನ ಹಣೆಯ ಮೇಲೆ.

ಗಲ್ಲಿಯ ರೂಪಾಯಿಯನ್ನು ಅವನು ಚಿಕ್ಕಂದಿನಿಂದ ನೋಡಿದ್ದ, ಆದರೆ ದೂರದಿಂದ. ಛಾಪಾ ಇದ್ದ ಮುಖ ಯಾವಾಗಲೂ ಹಣೆಗೆ ತಾಗಿರುತ್ತಿತ್ತು. ಅಂಟಿಸುವ ಹೆಂಗಸರು ಹಾಗೆಯೇ ಅಂಟಿಸಬೇಕೆಂದು ಕಲಿತಿದ್ದರು. ಅಪ್ಪ ಸತ್ತ ದಿನ ಹಿರಿಯ ಮಗನಾಗಿ ಲಗಮಣ್ಣನೇ ಅದನ್ನು ಬಿಡಿಸಿದ. ಬೆರಳಿಗೆ ಏನೋ ತಟ್ಟಿದಂತಾಗಿ ತಿರುವಿ ನೋಡಿದ. ವಿಭೂತಿ ತುಂಬಿದ್ದ ಗುಂಡನೆಯ ಗುಳಿಯನ್ನು ಹೆಬ್ಬೆರಳಿನಿಂದ ಒರೆಸಿದ. ಕಿರೀಟ ಕಂಡಿತು. ಅವನು ರೂಪಾಯಿಯನ್ನು ಬಿಸಿಲಿಗೆ ಹಿಡಿದು, ಕನ್ನಡಕವನ್ನು ಹಣೆಗೆ ಏರಿಸಿ, ಕಣ್ಣಿನ ಹತ್ತಿರ ತಂದು ಅಕ್ಷರ ಓದತೊಡಗಿದ. ಅಷ್ಟರಲ್ಲಿ ಅಪ್ಪನನ್ನು ಕುಣಿಗೆ ಇಳಿಸಿ ಆಗಿತ್ತು. ಗಲ್ಲಿಯವರೆಲ್ಲ ಮುಷ್ಟಿಯಲ್ಲಿ ಮಣ್ಣು ಹಿಡಿದು ನಿಂತಿದ್ದರು.

ಶಿವರಾಜ ಅವನ ಮುಂಗೈ ಹಿಡಿದು ಅಲುಗಾಡಿಸಿದ. “ಏ ಲಗಮಣ್ಣ! ಅಪ್ಪ ಕಾಯಾಕತ್ತಾನ!”

“ಒಂದ್ ನಿಮಿಷ, ಅಣ್ಣಾ.”

ಒಂದು ನಿಮಿಷ ಎಂದ ಆ ಮಾತನ್ನು ಊರು ಮರೆಯಲಿಲ್ಲ. ಮದುವೆ ಊಟಕ್ಕೆ ಕೂತಾಗ ಅವನಿಗೆ ಹುಗ್ಗಿ ಬಡಿಸುವ ಹುಡುಗರು ಕೂಡ, “ಒಂದ್ ನಿಮಿಷ ಕಾಕಾ” ಎಂದು ಮುಂದೆ ಹೋಗುವಷ್ಟು.

ಆ ಮೇಲೆ ಅವನು ಅಕ್ಕವ್ವನನ್ನು ಕೇಳಿದ. ಅದೇ ರಾಣಿಯ, ಅದೇ ಇಸವಿಯ, ಹೊಳೆಯುವ ರೂಪಾಯಿಯೊಂದನ್ನು ಅವಳ ಮುಂದೆ ಇಟ್ಟು, “ಆಯಿ, ಇದನ್ನ ಗಲ್ಲಿಗಿ ಇಟ್ಕೊ, ಅದನ್ನ ನನಗ ಕೊಡು. ತೂಕ ಒಂದ, ಬೆಳ್ಳಿ ಒಂದ” ಎಂದ.

ಅಕ್ಕವ್ವ ಸೊಪ್ಪು ಸೋಸುತ್ತಿದ್ದವಳು ತಲೆ ಎತ್ತಲಿಲ್ಲ. “ಒಂದ ಇದ್ರ ನಿಂಗ್ಯಾಕ ಬೇಕೋ ಅದು?”

“ಅದರ ಮ್ಯಾಲೆ ಛಾಪಾ ಐತಿ.”

“ಹಾಂ. ಮತ್ತ ಒಂದ ಹೆಂಗಾತು?” ಎಂದಳು. ಸೋಸಿದ ಸೊಪ್ಪನ್ನು ಬುಟ್ಟಿಗೆ ಹಾಕಿ, “ನೀ ಸಾಯಿ, ನಿನ್ನ ಹಣಿಗಿ ನಾನ ನಿಂತು ಹಚ್ಚಸ್ತೀನಿ. ಅವತ್ತ ಹಗಲೆಲ್ಲಾ ಇಟ್ಕೊ” ಎಂದಳು.

ಅಕ್ಕವ್ವನಿಗೆ ಅದು ತಮಾಷೆ. ಅವಳ ಸೊಸೆ ಕಸ್ತೂರೆವ್ವನಿಗೆ ಅಲ್ಲ. ಇವನಿಗೆ ಗಲ್ಲಿಯಲ್ಲಿ ಸಾವು ಬೇಕಾಗಿದೆ, ಸತ್ತರೇ ಆ ರೂಪಾಯಿ ಹೊರಗೆ ಬರುವುದು ಎಂದು ಅವಳು ನೀರಿನ ನಲ್ಲಿಯ ಮುಂದೆ ಹೇಳಿದಳು. ಲಗಮಣ್ಣ ಪ್ರತಿ ಹೆಣದ ಮಣ್ಣಿಗೂ ಹೋಗಿ ತಲೆಯ ಬದಿಗೇ ನಿಲ್ಲುತ್ತಿದ್ದದ್ದು ನಿಜ. ಒಮ್ಮೆ ಬಿಡಿಸಿದ ರೂಪಾಯಿಯ ಫೋಟೋ ತೆಗೆಯಲು ಹೋದಾಗ ಶಿವರಾಜ ಅವನ ಮೊಬೈಲನ್ನು ಕಿತ್ತು ಕಸದ ರಾಶಿಗೆ ಎಸೆದದ್ದೂ ನಿಜ. ನಾನು ಕೇಳಿದೆ: “ಹೋಗೂದನ್ನ ಬಿಡಬಾರದೇನ್ರಿ?” ಅವನು, “ಹೋಗಲಿಲ್ಲ ಅಂದ್ರ ಮಣ್ಣಿಗೂ ಬರಲಿಲ್ಲ ಅಂತಾರ್ರಿ” ಎಂದ. ಅದೂ ನಿಜವೇ.

ಹೋದ ವರ್ಷ ಹೋಳಿಯ ಹೊತ್ತಿಗೆ ಅಕ್ಕವ್ವ ತೀರಿಕೊಂಡಳು. ತಾನು ಇಷ್ಟು ವರ್ಷ ಕಾಯ್ದ ರೂಪಾಯಿಯನ್ನು ಹಣೆಗೆ ಹಚ್ಚಿಸಿಕೊಂಡು ಮಲಗಿದ್ದಳು. ಇನ್ನು ಮುಂದೆ ಅದನ್ನು ಕಾಯುವವಳು ಕಸ್ತೂರೆವ್ವ ಎಂದು ಎಲ್ಲರೂ ತಿಳಿದಿದ್ದರು. ಕುಣಿಯ ಬಳಿ ಶಿವರಾಜ ಬಗ್ಗಿ ರೂಪಾಯಿಗೆ ಕೈ ಹಾಕಿದ.

“ಬಿಡ್ರಿ ಅದನ್ನ” ಎಂದಳು ಕಸ್ತೂರೆವ್ವ. “ಅಕಿ ಕೂಡ ಹೋಗ್ಲಿ.”

ಶಿವರಾಜ ಬಗ್ಗಿದವನು ಹಾಗೇ ನಿಂತ. ಗಲ್ಲಿಯ ಹಿರಿಯ ಜಕ್ಕಪ್ಪ ಕೋಲು ಊರಿಕೊಂಡು ಮುಂದೆ ಬಂದ. “ಹಂಗ ಎಲ್ಲರೇ ಉಂಟೇನವಾ? ನಾಳೆ ನನಗೇನ ಹಚ್ಚತೀರಿ, ಬಿಸ್ಕೀಟ?”

ಒಬ್ಬಿಬ್ಬರು ನಕ್ಕರು. ಕಸ್ತೂರೆವ್ವ ನಗಲಿಲ್ಲ. “ಕಾಕಾ, ನಮ್ಮ ಗ್ವಾಡಿ ಗೂಡಿನ್ಯಾಗ ಅದು ಇರೂತನಕ ಇಂವ ನಮ್ಮ ಮನಿ ಮ್ಯಾಲೆ ಹದ್ದಿನಂಗ ಕೂಡ್ತಾನ. ಅತ್ತಿ ಜಡ್ಡಿಗೆ ಬಿದ್ದಾಗ ದಿನಾ ಬಂದು ಬಾಗ್ಲಾಗ ನಿಂತ. ಮಾತ್ರಿ ತರ್ಲೇನು ಅಂತ ಕೇಳಾಕ ಬಂದಿದ್ನೇನು?” ಅವಳು ಕೈ ತೋರಿಸಲಿಲ್ಲ, ಎಲ್ಲರೂ ತಾವಾಗಿಯೇ ಲಗಮಣ್ಣನ ಕಡೆ ತಿರುಗಿದರು.

ಲಗಮಣ್ಣ ಆಗ ಒಂದು ಮಾತು ಹೇಳಿದ. ಅವನ ವೈರಿಗಳು ಹೇಳಿದ್ದೂ ಅವನು ಹೇಳಿದ್ದೂ ಹೊಂದುತ್ತವೆ, ಆದ್ದರಿಂದ ಹೇಳಿದ್ದಾನೆಂದೇ ತಿಳಿಯಬೇಕು. “ಹುಗೀಬ್ಯಾಡ್ರಿ, ವೈನಿ. ನಾ ಇನ್ನ ಮ್ಯಾಲೆ ಕೇಳೂದಿಲ್ಲ. ಯಾರ ಮಣ್ಣಿಗೂ ಬರೂದಿಲ್ಲ. ಅದು ಗಲ್ಯಾಗ ಇರಲಿ ಸಾಕು.”

“ಕಾಟಾದ ಮ್ಯಾಲೆ ಕೂತು ಹೇಳಿದ ಮಾತಿದ್ದಂಗ” ಎಂದ ಶಿವರಾಜ. ಕೈ ಹಿಂದೆ ತೆಗೆದುಕೊಂಡ. ಮಣ್ಣು ಬಿತ್ತು.

ಸಂಜೆಯೊಳಗೆ ಶಿವರಾಜ ಕುಣಿಯ ಮೇಲೆ ಜಲ್ಲಿ, ಸಿಮೆಂಟು ತರಿಸಿ ದಪ್ಪ ಚಪ್ಪಡಿ ಹಾಕಿಸಿದ. ಆ ಸ್ಮಶಾನದಲ್ಲಿ ಸಿಮೆಂಟು ಕಂಡ ಕುಣಿ ಅದೊಂದೇ. ತಾಯಿಯ ಮೇಲಿನ ಪ್ರೀತಿ ಎಂದು ಯಾರೂ ತಪ್ಪು ತಿಳಿಯಲಿಲ್ಲ. ಯಾರಿಗಾಗಿ ಹಾಕಿಸಿದ್ದೆಂದು ಎಲ್ಲರಿಗೂ ಗೊತ್ತಿತ್ತು.

ಆ ವಾರ ಲಗಮಣ್ಣ ಲ್ಯಾಬಿಗೆ ಬಂದ. ಚೀಲದಲ್ಲಿ ಮಣ್ಣಿತ್ತು, ಆದರೆ ತೋಟದ್ದಲ್ಲ. ಸ್ಮಶಾನದ ಬೇಲಿಯ ಹೊರಗಿನಿಂದ ತಂದಿದ್ದ. “ಈ ಮಣ್ಣಾಗ ಬೆಳ್ಳಿ ಎಷ್ಟು ವರ್ಷ ತಡೀತೈತ್ರಿ?”

ಪರೀಕ್ಷಿಸಿದೆ. ಅನಂತಪುರದ ಆ ಕಡೆಯ ಭೂಮಿ ಕಾಲುವೆ ನೀರು ಕುಡಿದು ಸವಳಾಗಿದೆ, ಉಪ್ಪಿನ ಅಂಶ ಜಾಸ್ತಿ. ಉಪ್ಪಿನಲ್ಲಿರುವ ಕ್ಲೋರೈಡ್ ಬೆಳ್ಳಿಯನ್ನು ಮೇಲಿನಿಂದ ತಿನ್ನುತ್ತದೆ. ಬೂದು ಬಣ್ಣದ ಪದರ ಕಟ್ಟುತ್ತದೆ. ರೂಪಾಯಿ ಬಹಳ ಕಾಲ ಉಳಿಯುತ್ತದೆ, ಅದರ ಮೇಲಿನ ಸಣ್ಣ ಗೆರೆಗಳು ಮೊದಲು ಹೋಗುತ್ತವೆ ಎಂದೆ. ಎಷ್ಟು ವರ್ಷಕ್ಕೆ ಎಂದು ಹೇಳುವಷ್ಟು ಮಾಹಿತಿ ನನ್ನಲ್ಲಿಲ್ಲ ಎಂದೂ ಹೇಳಿದೆ.

“ಮೊದಲು ಛಾಪಾ ಹೋಗ್ತೈತಿ ಅಂದಂಗಾತು.”

“ಹೌದು.”

ಅವನು ಚೀಲದ ಬಾಯಿ ಕಟ್ಟಿ ಎದ್ದ. ಅವತ್ತು ಊರನ್ನು ಬೈಯಲಿಲ್ಲ. ಬೈದಿದ್ದರೆ ನನಗೆ ಸಮಾಧಾನ ಆಗುತ್ತಿತ್ತು.

ಮಳೆಗಾಲ ಮುಗಿಯುವ ಮುಂಚೆ ಜಕ್ಕಪ್ಪ ಸತ್ತ. ಈಗಿನ ಒಂದು ರೂಪಾಯಿಯ ಬಿಲ್ಲೆಯನ್ನು ಅವನ ಹಣೆಗೆ ಹಚ್ಚಿದರು. ಅವನ ಹೆಂಡತಿ ಅಕ್ಕುತಾಯಿ ಅದನ್ನು ಕಂಡಳು, ಅಳು ನಿಲ್ಲಿಸಿದಳು. “ಇದಕ್ಕ ಬಸ್‌ಸ್ಟ್ಯಾಂಡಿನ್ಯಾಗ ಒಂದ ಗುಟುಕು ಚಾ ಬರೂದಿಲ್ಲ. ಇದನ್ನ ಹಚಗೊಂಡು ಹೋಗಬೇಕೇನ ನಮ್ಮ ಮನಿಯವರು?” ಬಿಲ್ಲೆಯನ್ನು ಕಿತ್ತು ಕಸ್ತೂರೆವ್ವನ ಕಾಲ ಬಳಿ ಒಗೆದಳು. ಯಾರನ್ನೂ ಕಳಿಸದೆ, ಹೆಣದ ಮುಂದಿನಿಂದ ತಾನೇ ಎದ್ದು ಲಗಮಣ್ಣನ ಮನೆಗೆ ನಡೆದಳು.

“ಲಗಮ್ಯಾ, ಹೊರಗ ಬಾ. ಒಂದು ರೂಪಾಯಿ ಕೊಡು.”

ಲಗಮಣ್ಣ ಡಬ್ಬಿಯಿಂದ ಚೆನ್ನಾದದ್ದೊಂದನ್ನು ಆರಿಸಿ ತಂದ. ಅವಳು ಅದನ್ನು ಅಂಗೈಯಲ್ಲಿ ತಿರುವಿ ನೋಡಿದಳು, ಬೆರಳಾಡಿಸಿದಳು.

“ಛಾಪಾ ಎಲ್ಲೈತಿ?”

“ಛಾಪಾ ನಿಮಗ್ಯಾಕ ಬೇಕು, ಕಾಕು?”

“ಯಾಕ ಅಂದ್ರ? ನಲವತ್ತು ಮಂದಿ ಹಣಿಗಿ ನಾನ ಹಚ್ಚೀನಿ. ಗುರ್ತು ಒಳಗಾಗಿ ಹಚ್ಚಬೇಕು, ಹಣಿಗಿ ಒತ್ತಬೇಕು. ಗುರ್ತು ಇಲ್ಲಂದ್ರ ಆಚೀ ಕಡೆ ಯಾರು ಒಳಗ ಬಿಡ್ತಾರ? ಹುಚ್ಚರಂಗ ಕೇಳ್ತಿಯಲ್ಲ, ಇಷ್ಟ ಓದಿ.”

ಲಗಮಣ್ಣ ಆ ರೂಪಾಯಿಯನ್ನು ಅವಳ ಕೈಯಿಂದ ತಿರುಗಿ ತೆಗೆದುಕೊಂಡ. ಆಮೇಲೆ ಒಳಗೆ ಹೋಗಿ, ಪೈಂಜಣ ಬಿಟ್ಟು ತಂದಿದ್ದ ಮುಕಲ್ಲಾ ಛಾಪಾದ ರೂಪಾಯಿಯನ್ನು ತಂದುಕೊಟ್ಟ. ಅವನಲ್ಲಿದ್ದ ಮೂರರಲ್ಲಿ ಛಾಪಾ ಅತಿ ಸ್ಪಷ್ಟವಾಗಿದ್ದದ್ದು ಅದೇ. ಸವೆದದ್ದನ್ನು ಕೊಟ್ಟಿದ್ದರೂ ನಡೆಯುತ್ತಿತ್ತಲ್ಲ ಎಂದು ನಾನು ಕೇಳಿದಾಗ, “ಅಕಿ ಬೆರಳು ನೀವು ನೋಡಿಲ್ಲ” ಎಂದ.

ಜಕ್ಕಪ್ಪನ ಮನೆಯಲ್ಲಿ ಕಸ್ತೂರೆವ್ವ ತಕರಾರು ತೆಗೆದಳು. “ಎವ್ವಾ, ಇದರಾಗ ಉರ್ದು ಐತಿ! ನಮ್ಮ ಹೆಣಕ್ಕ ಇದನ್ನ ಹಚ್ಚೂದಾ?”

ಅಕ್ಕುತಾಯಿ ವಿಭೂತಿ ಕಲಸುತ್ತಲೇ ಹೇಳಿದಳು: “ನಮ್ಮ ಮನಿಯವರಿಗೆ ಕನ್ನಡನ ಓದಾಕ ಬರ್ತಿದ್ದಿಲ್ಲ, ಉರ್ದು ಬಂದೀತೇನ? ಇತ್ಲಾಗ ಸರಿ.”

ಲಗಮಣ್ಣನೂ ಮಣ್ಣಿಗೆ ಬಂದು ದೂರ ನಿಂತಿದ್ದ. ಕುಣಿಯ ಬಳಿ ಜಕ್ಕಪ್ಪನ ಮಗ ರೂಪಾಯಿ ಬಿಡಿಸಿದ. ಈಗ ಯಾರಿಗೆ ಒಪ್ಪಿಸಬೇಕು? ಕಸ್ತೂರೆವ್ವ ಸೆರಗಿನೊಳಗೆ ಕೈ ಎಳೆದುಕೊಂಡಳು. ಬೇರೆ ಹೆಂಗಸರು ಅವಳನ್ನು ನೋಡಿ ತಾವೂ ಎಳೆದುಕೊಂಡರು. ಕೊನೆಗೆ ಅವನು ಅದನ್ನು ಲಗಮಣ್ಣನ ಕೈಗೆ ಕೊಡದೆ, ಅವನ ಮುಂದಿನ ಕಲ್ಲಿನ ಮೇಲೆ ಇಟ್ಟು ಹೋದ. ಲಗಮಣ್ಣ ಎತ್ತಿಕೊಂಡ. ತಿರುಗಿ ಡಬ್ಬಿಗೆ ಸೇರಿಸಲು ಹೋದಾಗ ಅವನ ಹೆಂಡತಿ ಅಡ್ಡ ನಿಂತಳು. “ಹೆಣದ ಮ್ಯಾಲಿಂದು ಮನಿಯೊಳಗ ತರ್ತೀಯಾ?” ಅಂದಿನಿಂದ ಅದು ತೋಟದ ಪಂಪ್‌ಶೆಡ್ಡಿನ ಗೋಡೆಯ ಗೂಡಿನಲ್ಲಿದೆ. ಅದಾದ ಮೇಲೆ ಗಲ್ಲಿಯಲ್ಲಿ ಮತ್ತೆ ಮೂರು ಸಾವು ಆಗಿವೆ. ಮೂರು ಸಲವೂ ಬಂದವರು ಅಂಗಳದಲ್ಲಿ ನಿಂತು, “ರೂಪಾಯಿ” ಎಂದಷ್ಟೇ ಹೇಳಿದರು. ಚಹಾಕ್ಕೆ ಕೂರಲಿಲ್ಲ. ಅಕ್ಕವ್ವನ ಮಣ್ಣಾದಾಗಿನಿಂದ ಮದುವೆಯ ಆಮಂತ್ರಣವೂ ಅವನ ಮನೆ ದಾಟಿ ಮುಂದಿನ ಮನೆಗೆ ಹೋಗುತ್ತಿತ್ತು, ಅದು ಈಗಲೂ ಹಾಗೆಯೇ ನಡೆದಿದೆ.

ಈ ವರ್ಷ ದ್ರಾಕ್ಷಿಯನ್ನು ಬೇದಾಣೆಗೆಂದು ಒಣಗಿಸುವ ಕಾಲದಲ್ಲಿ ಅಭಿನಂದನ ಫೋನ್ ಮಾಡಿದ. ಕೊಲ್ಹಾಪುರದ ಸಂಗ್ರಾಹಕನೊಬ್ಬನ ಬಳಿ ಕಿರೀಟದ ಛಾಪಾ ಇದೆ, ಅವನು ಮಾರುವುದಿಲ್ಲ, ಮುಕಲ್ಲಾದ ಆ ಸ್ಪಷ್ಟ ಛಾಪಾಕ್ಕೆ ಮಾತ್ರ ಬದಲಾಯಿಸಿಕೊಡುತ್ತಾನೆ, ಬೇರೆ ಎರಡು ಬೇಡ ಅನ್ನುತ್ತಾನೆ.

ಲಗಮಣ್ಣ ಶಿವರಾಜನ ಕಟ್ಟೆಗೆ ಹೋದ. ಅಕ್ಕವ್ವ ತೀರಿಕೊಂಡ ಮೇಲೆ ಆ ಕಟ್ಟೆ ಹತ್ತಿದ್ದು ಅದೇ ಮೊದಲು. ಗಲ್ಲಿಯ ನಾಲ್ಕು ಮಂದಿ ಇದ್ದರು. ಅಕ್ಕವ್ವನ ಜೊತೆ ಹೋದ ರೂಪಾಯಿಯ ಗುರುತೇ ಇರುವ ಇನ್ನೊಂದು ಬರುತ್ತದೆ, ಅದು ಗಲ್ಲಿಗೇ ಇರುತ್ತದೆ, ತಾನು ಕಾಯುವವನಷ್ಟೇ ಎಂದು ಬಿಡಿಸಿ ಹೇಳಿದ.

“ನಮ್ಮ ರೂಪಾಯಿ ಮಾರಾಕ ನಿಂತಾನ!” ಎಂದಳು ಕಸ್ತೂರೆವ್ವ ಒಳಗಿನಿಂದ.

“ನಂದ ರೂಪಾಯಿ ಅದು, ವೈನಿ. ನಾ ತಂದದ್ದು.”

“ನಾಕು ಮಂದಿ ಹಣಿ ಮ್ಯಾಲೆ ಕೂತ ಮ್ಯಾಲೆ ನಿಂದು ಹೆಂಗಾತು? ಜಕ್ಕಪ್ಪ ಕಾಕಾ ಇದರ ಮ್ಯಾಲೆ ಹೋಗ್ಯಾನ. ಅಂವಗ ಒಂದು ಗುರ್ತು, ನಮಗೊಂದು ಗುರ್ತೇನು? ಆಚೀ ಕಡೆ ಬ್ಯಾರೆ ಬ್ಯಾರೆ ಬಾಗ್ಲಾಗ ನಿಲ್ಲಬೇಕಾ?”

ಶಿವರಾಜ ಎಲೆ ಅಡಿಕೆ ಉಗುಳಿ ಬಂದು, “ಕೊಟ್ಟರ ಕೈ ಮುರೀತೀನಿ” ಎಂದ. ಮಾತು ಮುಗಿಯಿತು.

ಆದರೂ ಲಗಮಣ್ಣ ನಿಪ್ಪಾಣಿಗೆ ಹೋದ, ಬರಿಗೈಯಲ್ಲಿ. ನನ್ನನ್ನೂ ಕರೆದ, ಬೋರಗಾಂವದಲ್ಲಿ ನೀರಿನ ಮಾದರಿ ತರುವುದಿತ್ತು, ಹೋದೆ. ಅಭಿನಂದನ ಕೊಲ್ಹಾಪುರದಿಂದ ತರಿಸಿಟ್ಟಿದ್ದ ಕಿರೀಟದ ರೂಪಾಯಿಯನ್ನು ಕೆಂಪು ಅರಿವೆಯ ಮೇಲೆ ಇಟ್ಟ. ಲಗಮಣ್ಣ ಮಸೂರ ಹಿಡಿದು ಎರಡೂ ಮುಖ ನೋಡಿದ, ತೂಗಿದ, ಅಂಚಿನ ಸುತ್ತ ಉಗುರು ಆಡಿಸಿದ.

“ಖರೇದ ಐತಿ” ಎಂದ.

“ಮತ್ತ ತಗೊಂಡ ಬರ್ರಿ ಅದನ್ನ” ಎಂದ ಅಭಿನಂದನ. “ಗಲ್ಲಿಯವರಿಗೆ ಏನ ಗೊತ್ತಾಗ್ತೈತಿ? ಸವೆದದ್ದೊಂದು ಗೂಡಿನ್ಯಾಗ ಇಡ್ರಿ. ಅದೂ ಅರಬ್ಬಿ, ಇದೂ ಅರಬ್ಬಿ.”

“ಅಕ್ಕುತಾಯಿ ಇನ್ನೂ ಅದಾಳ್ರಿ” ಎಂದ ಲಗಮಣ್ಣ. ರೂಪಾಯಿಯನ್ನು ಅರಿವೆಯ ಮೇಲೆ ಛಾಪಾ ಮೇಲಾಗಿ ಇಟ್ಟ. ಇನ್ನೊಮ್ಮೆ ನೋಡಿ, ಅರಿವೆಯ ತುದಿಯಿಂದ ತಾನೇ ಮುಚ್ಚಿದ.

ಅನಂತಪುರದ ತೋಟದಲ್ಲಿ ನನ್ನ ಬೈಕಿನಿಂದ ಅವನು ಇಳಿಯುವಾಗ ಕಸ್ತೂರೆವ್ವ ಪಂಪ್‌ಶೆಡ್ಡಿನ ಮುಂದೆಯೇ ನಿಂತಿದ್ದಳು. ಅವನು ನಿಪ್ಪಾಣಿಗೆ ಹೋದ ಸುದ್ದಿ ನಮ್ಮ ಬೈಕಿಗಿಂತ ಮೊದಲೇ ಬಂದಿತ್ತು.

“ಎಲ್ಲೈತಿ?”

ಲಗಮಣ್ಣ ಗೂಡಿಗೆ ಕೈ ಹಾಕಿ ಅರಿವೆ ಬಿಚ್ಚಿ ತೋರಿಸಿದ. ಅವಳು ಮುಟ್ಟಲಿಲ್ಲ, ಬಗ್ಗಿ ನೋಡಿದಳು, “ತಿರುವು” ಎಂದಳು. ತಿರುವಿದ. ಇನ್ನೊಂದು ಮುಖವನ್ನೂ ನೋಡಿದಳು.

“ಯಾರ ಕೈಗಿ ಬೇಕಾದ್ರೂ ಸಿಗೂಹಂಗ ಇಟ್ಟಾನ. ಬೀಗ ಹಾಕು ಇದಕ್ಕ.”

“ಬೀಗ ಹಾಕಿದ್ರ ನೀವು ಬಂದಾಗೊಮ್ಮೆ ನಾ ಮನ್ಯಾಗ ಇರಬೇಕಾಗ್ತೈತಿ, ವೈನಿ.”

“ಇರು” ಎಂದಳು ಕಸ್ತೂರೆವ್ವ, ಸೆರಗು ಸಿಕ್ಕಿಸಿಕೊಂಡು ಹೊರಡುತ್ತ. “ಮತ್ತೆಲ್ಲಿ ಹೋಗಾಂವ ಇದ್ದಿ?”